ಇಳಿಯುವ ಗದ್ದೆಯನ್ನು ಮೊದಲು ನೋಡಿ: ಕೊಡಗಿನವರಿಗೆ ಹ್ಯಾಂಗ್ ಗ್ಲೈಡಿಂಗ್‌ನ ಮೊದಲ ಪಾಠಗಳು

ಮಾಂದಲ್‌ಪಟ್ಟಿಯ ಅಂಚಿನಲ್ಲೋ ಕೋಟೆಬೆಟ್ಟದ ಬಂಡೆಯ ಮೇಲೋ ನಿಂತು ಕೆಳಗಿನ ಮಂಜನ್ನು ನೋಡಿದವರಿಗೆ, ಇಲ್ಲಿಂದ ಒಮ್ಮೆ ರೆಕ್ಕೆ ಕಟ್ಟಿಕೊಂಡು ಹಾರಿದರೆ ಹೇಗಿದ್ದೀತು ಎಂಬ ಯೋಚನೆ ಬಾರದೆ ಇರದು. ಹ್ಯಾಂಗ್ ಗ್ಲೈಡಿಂಗ್ ಕಲಿಯಬೇಕೆಂದು ನನ್ನನ್ನು ವಿಚಾರಿಸುವ ಹುಡುಗರೂ ಸಾಮಾನ್ಯವಾಗಿ ಇಂಥ ಬೆಟ್ಟವೊಂದರ ಹೆಸರಿನಿಂದಲೇ ಮಾತು ಆರಂಭಿಸುತ್ತಾರೆ. ನಾನು ಅವರನ್ನು ಕೇಳುವುದು ಬೇರೊಂದು ಪ್ರಶ್ನೆ: ಇಳಿಯುವುದು ಎಲ್ಲಿ? ಕೊಡಗಿನಲ್ಲಿ ಹಾರಲು ಎತ್ತರಕ್ಕೆ ಕೊರತೆಯಿಲ್ಲ, ತಡಿಯಂಡಮೋಳ್ ಬೆಟ್ಟ ಒಂದೇ 1,748 ಮೀಟರ್ ಇದೆ. ಇಲ್ಲಿ ಕೊರತೆ ಇರುವುದು ಮರ, ತಂತಿ, ಬೇಲಿಗಳಿಲ್ಲದ ಬಯಲಿಗೆ. ಈ ಲೇಖನವು ಆ ಕಡೆಯಿಂದ, ಅಂದರೆ ನೆಲದಿಂದ ಮೇಲಕ್ಕೆ, ಕಲಿಕೆಯ ಹೆಜ್ಜೆಗಳನ್ನು ವಿವರಿಸುತ್ತದೆ. ಇದನ್ನು ಓದಿ ಯಾರೂ ಸ್ವಂತವಾಗಿ ಹಾರಲು ಹೊರಡಬಾರದು. ಬೋಧಕರ ಬಳಿಗೆ ಹೋಗುವವರು ಏನನ್ನು ಯಾವ ಕ್ರಮದಲ್ಲಿ ನಿರೀಕ್ಷಿಸಬೇಕು ಎಂಬುದನ್ನು ತಿಳಿಸುವುದಷ್ಟೇ ಇದರ ಉದ್ದೇಶ.

ಯಾವ ಯಂತ್ರದ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ಮೊದಲು ಸ್ಪಷ್ಟವಾಗಲಿ. ಪ್ಯಾರಾಗ್ಲೈಡರ್ ಎಂದರೆ ಬಟ್ಟೆಯ ಮೃದುವಾದ ರೆಕ್ಕೆ. ಅದಕ್ಕೆ ಗಟ್ಟಿ ಚೌಕಟ್ಟಿಲ್ಲ. ಮೈಕ್ರೋಲೈಟ್‌ಗೆ ಎಂಜಿನ್ ಇರುತ್ತದೆ. ಹ್ಯಾಂಗ್ ಗ್ಲೈಡರ್‌ಗೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಿಗಿದ ಡಾಕ್ರಾನ್ ಬಟ್ಟೆ, ಬಟ್ಟೆಗೆ ಆಕಾರ ಕೊಡುವ ಬ್ಯಾಟನ್ ಪಟ್ಟಿಗಳು ಮತ್ತು ಉಕ್ಕಿನ ತಂತಿಗಳು ಇರುತ್ತವೆ. ಹಾರುವವನು ಮೈಗೆ ಬಿಗಿದುಕೊಳ್ಳುವ ಹಾರ್ನೆಸ್ ಎಂಬ ಪಟ್ಟಿಗಳ ಉಡುಪಿನಲ್ಲಿ ರೆಕ್ಕೆಯ ನಡುವಿನಿಂದ ತೂಗಿಕೊಂಡು, ಎದುರಿನ ತ್ರಿಕೋನಾಕಾರದ ಕಂಟ್ರೋಲ್ ಫ್ರೇಮ್ ಹಿಡಿದು, ತನ್ನ ದೇಹದ ತೂಕವನ್ನು ಅತ್ತಿತ್ತ ಸರಿಸುತ್ತ ಗ್ಲೈಡರನ್ನು ನಡೆಸುತ್ತಾನೆ. ಅಮೆರಿಕದ ರೋಗಾಲೋ ದಂಪತಿ 1948ರಲ್ಲಿ ರೂಪಿಸಿದ ಬಾಗುವ ರೆಕ್ಕೆಗೆ ಆಸ್ಟ್ರೇಲಿಯಾದ ಜಾನ್ ಡಿಕೆನ್ಸನ್ 1963ರಲ್ಲಿ ಇಂಥ ತ್ರಿಕೋನವನ್ನು ಜೋಡಿಸಿದ ಮೇಲೆ ಈ ಕ್ರೀಡೆ ಜನಸಾಮಾನ್ಯರ ಕೈಗೆ ಬಂತು. ಕಲಿಯುವವರಿಗೆ ಕೊಡುವ ಗ್ಲೈಡರ್ ಸುಮಾರು 20ರಿಂದ 25 ಕಿಲೋ ತೂಗುತ್ತದೆ; ಅರ್ಧ ಮೂಟೆ ಕಾಫಿಯನ್ನು ಹೆಗಲ ಮೇಲಿಟ್ಟುಕೊಂಡು ಇಳಿಜಾರಿನಲ್ಲಿ ಓಡುವಷ್ಟು ಕಾಲಿನ ಬಲ ಬೇಕು ಎಂದರೆ ನಮ್ಮವರಿಗೆ ಬೇಗ ಅರ್ಥವಾದೀತು.

ಬೋಧಕರನ್ನು ಹುಡುಕುವುದು

ಒಳ್ಳೆಯ ಬೋಧಕರು ಕೊಡಗಿನ ಹೊರಗೆ ಸಿಕ್ಕರೆ ಹೊರಗೇ ಹೋಗಿ. ಊರಿನ ಬೆಟ್ಟದಿಂದಲೇ ಮೊದಲು ಹಾರಬೇಕೆಂಬ ಹಟ ಒಳ್ಳೆಯದಲ್ಲ. ಪ್ರವಾಸಿಗರನ್ನು ಹತ್ತು ನಿಮಿಷ ಮೇಲಕ್ಕೆ ಕರೆದೊಯ್ದು ಫೋಟೊ ತೆಗೆದು ಇಳಿಸುವುದು ಬೇರೆ, ಕಲಿಸುವುದು ಬೇರೆ. ಇವೆರಡನ್ನೂ ಒಬ್ಬರೇ ಮಾಡುತ್ತಿದ್ದರೂ ನಿಮಗೆ ಬೇಕಾದದ್ದು ಎರಡನೆಯದು. ಭೇಟಿಯಾದಾಗ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಅವರ ಬೋಧಕ ಅರ್ಹತೆ ಯಾವುದು, ಅದನ್ನು ಯಾರು ಕೊಟ್ಟರು, ಕಲಿಕೆಗೆಂದೇ ಸಣ್ಣ ಗುಡ್ಡವಿದೆಯೇ, ಕಲಿಯುವವರ ಗ್ಲೈಡರಿನ ಬೇಸ್ ಬಾರ್‌ಗೆ (ತ್ರಿಕೋನದ ಕೆಳಗಿನ ಅಡ್ಡ ಕೊಳವೆಗೆ) ಚಕ್ರಗಳಿವೆಯೇ, ಒಬ್ಬ ಬೋಧಕರಿಗೆ ಎಷ್ಟು ಜನ ಶಿಷ್ಯರು, ಎತ್ತರದ ಹಾರಾಟಗಳಲ್ಲಿ ರೇಡಿಯೊ ಬಳಸುತ್ತಾರೆಯೇ ಎಂಬುದು ತಿಳಿಯಬೇಕು. ಕೊನೆಯಲ್ಲಿ ಇನ್ನೊಂದನ್ನೂ ಕೇಳಿ: ಈ ತಿಂಗಳು ಎಷ್ಟು ದಿನ ಗಾಳಿ ಸರಿಯಿಲ್ಲವೆಂದು ತರಗತಿ ರದ್ದು ಮಾಡಿದಿರಿ? ಒಂದು ದಿನವೂ ಇಲ್ಲ ಎಂಬ ಉತ್ತರ ಬಂದರೆ ಕಾಫಿ ಕುಡಿದು ಹಿಂದಿರುಗಿ.

ವಿಶ್ವ ವಾಯುಕ್ರೀಡಾ ಒಕ್ಕೂಟವಾದ ಎಫ್‌ಎಐ ಈ ಕಲಿಕೆಯನ್ನು ಐದು ಹಂತಗಳಾಗಿ ವಿಂಗಡಿಸಿದೆ. ಮೊದಲನೆಯದು ನೆಲಕ್ಕೆ ತೀರ ಹತ್ತಿರದಲ್ಲಿ ತೇಲುವುದು, ಐದನೆಯದು ಊರೂರು ದಾಟಿ ದೂರ ಹಾರುವುದು. ಈ ಲೇಖನ ಮೊದಲೆರಡು ಹಂತಗಳಿಗಷ್ಟೇ ಸೀಮಿತ. ಅವನ್ನು ಅವಸರದಲ್ಲಿ ಮುಗಿಸಿದವರಿಗೆ ಉಳಿದ ಮೂರರ ಅಗತ್ಯ ಬೀಳದೆ ಹೋಗಬಹುದು.

ಮನೆಯಂಗಳದಲ್ಲಿ ಮಾಡಬಹುದಾದ ಅಭ್ಯಾಸ

ಬೋಧಕರ ಬಳಿ ಹೋಗುವ ಮೊದಲೇ ಗಾಳಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಬಹುದು, ಅದಕ್ಕೆ ಖರ್ಚಿಲ್ಲ. ಕೊಡಗಿನ ತೋಟಗಳಲ್ಲಿ ಎಲ್ಲೆಲ್ಲೂ ಇರುವ ಸಿಲ್ವರ್ ಓಕ್ ಮರದ ಎಲೆಯ ಹಿಂಬದಿ ಬೆಳ್ಳಿಯ ಬಣ್ಣದ್ದು. ಗಾಳಿ ಬೀಸಿದಾಗ ಎಲೆಗಳು ಮಗುಚಿಕೊಂಡು ಇಡೀ ಮರ ಹೊಳೆಯುತ್ತದೆ. ಕಣಿವೆಯ ಆಚೆಯ ಮರಗಳು ಹೊಳೆದು, ಕೆಲವು ಸೆಕೆಂಡುಗಳ ನಂತರ ನಿಮ್ಮ ಪಕ್ಕದ ಮರ ಹೊಳೆದರೆ, ಒಂದು ಬೀಸು ನಿಮ್ಮತ್ತ ನಡೆದುಬಂದದ್ದನ್ನು ನೀವು ಕಣ್ಣಾರೆ ಕಂಡಂತಾಯಿತು. ಎಲೆಗಳೂ ಸಣ್ಣ ಕಡ್ಡಿಗಳೂ ಬಿಡದೆ ಅಲುಗುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್ ಇದೆ. ಸಣ್ಣ ಕೊಂಬೆಗಳು ತೂಗಿ, ರಸ್ತೆಯ ಧೂಳು ಮತ್ತು ಕಾಗದ ಏಳುತ್ತಿದ್ದರೆ 20 ದಾಟಿದೆ. ಕಲಿಯುವವರಿಗೆ ಬೇಕಾದದ್ದು 8ರಿಂದ 15ರ ಒಳಗಿನ, ಬೀಸು ಹೆಚ್ಚುಕಡಿಮೆಯಾಗದ ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮರೆಯಬಾರದು. 10ರಲ್ಲಿ ಹಿಡಿತಕ್ಕೆ ಸಿಕ್ಕ ರೆಕ್ಕೆ 20ರಲ್ಲಿ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ.

ಒಂದು ಸಣ್ಣ ಪುಸ್ತಕದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಳಿಯ ದಿಕ್ಕು ಮತ್ತು ಬಲವನ್ನು ಒಂದು ತಿಂಗಳು ಬರೆದಿಡಿ. ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಬೆಟ್ಟದ ಮೈಯನ್ನು ಹತ್ತುವುದೂ ಸಂಜೆ ಇಳಿಬಿಸಿಲಿನ ಹೊತ್ತಿಗೆ ತಣ್ಣಗಾಗಿ ಬೆಟ್ಟದಿಂದ ಕಣಿವೆಗೆ ಇಳಿಯುವುದೂ ನಿಮಗೇ ಕಾಣಿಸುತ್ತದೆ. ಹಾರುವವನಿಗೆ ಬೇಕಾದದ್ದು ಹತ್ತುವ ಗಾಳಿ, ಅದೂ ಇಳಿಜಾರಿಗೆ ನೇರ ಎದುರಾಗಿ ಬರುವಂಥದ್ದು. ಬೆಟ್ಟದ ಹಿಂಬದಿಗೆ, ಅಂದರೆ ಗಾಳಿಗೆ ಮರೆಯಾದ ಕಡೆಗೆ, ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುಳಿಯುವಂತೆ ಗಾಳಿಯೂ ಸುಳಿಯುತ್ತದೆ. ಕಾವೇರಿಯಲ್ಲಿ ಈಜಿದವರಿಗೆ ಆ ಸುಳಿಯ ಗುಣವನ್ನು ವಿವರಿಸಬೇಕಿಲ್ಲ. ಗಾಳಿಯ ಸುಳಿ ಕಣ್ಣಿಗೆ ಕಾಣದು ಎಂಬುದೊಂದೇ ವ್ಯತ್ಯಾಸ.

ಮೊದಲ ದಿನಗಳು: ಹಾರಾಟವಿಲ್ಲ

ತರಬೇತಿಯ ಮೊದಲ ದಿನ ಗ್ಲೈಡರನ್ನು ಬಿಚ್ಚಿ, ಜೋಡಿಸಿ, ಮತ್ತೆ ಮಡಿಸುವುದರಲ್ಲೇ ಕಳೆದರೆ ಬೇಸರಪಡಬೇಡಿ. ಗ್ಲೈಡರಿನ ಮುಂತುದಿಯಾದ ಮೂಗಿನ ತಟ್ಟೆಯಿಂದ ಹೊರಟು ಒಂದು ಬದಿಯ ಅಂಚು, ತುದಿ, ಬಾಲ, ಇನ್ನೊಂದು ಬದಿ ಹೀಗೆ ಒಂದು ಸುತ್ತು ಬಂದು, ಪ್ರತಿ ಬೋಲ್ಟ್, ನಟ್, ಸುರಕ್ಷಾ ಪಿನ್ ಮತ್ತು ತಂತಿಯನ್ನು ಕೈಯಿಂದ ಮುಟ್ಟಿ ನೋಡುವ ಕ್ರಮವನ್ನು ಆಗಲೇ ರೂಢಿಸಿಕೊಳ್ಳಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಎಲ್ಲಿ ನಿಂತಿತೋ ಅಲ್ಲಿಂದಲ್ಲ, ಮೂಗಿನಿಂದಲೇ ಮತ್ತೆ ಆರಂಭಿಸಿ. ನಾನು ಬಾಲದ ಬಳಿ ಇದ್ದಾಗ ಫೋನ್ ಬಂದು, ಮಾತು ಮುಗಿಸಿ ಮುಂದಿನ ಬದಿಗೆ ಹೋಗಿಬಿಟ್ಟಿದ್ದೆ. ಒಂದು ಬ್ಯಾಟನ್‌ನ ತುದಿ ಕಟ್ಟದೆ ಉಳಿದಿತ್ತು. ಬೋಧಕರು ಏನೂ ಹೇಳದೆ ಅದನ್ನು ಬೆರಳಿನಿಂದ ತೋರಿಸಿದರು. ಅಂದಿನ ಸರದಿ ನನಗೆ ಸಿಗಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಗೆ ಹ್ಯಾಂಗ್ ಚೆಕ್ ಎನ್ನುತ್ತಾರೆ. ಹಾರ್ನೆಸ್ ಹಾಕಿಕೊಂಡು, ಕ್ಯಾರಬೀನರ್ ಎಂಬ ಬೀಗವಿರುವ ಲೋಹದ ಕೊಂಡಿಯಿಂದ ಅದನ್ನು ಗ್ಲೈಡರಿನ ಪಟ್ಟಿಗೆ ಸಿಕ್ಕಿಸಿ, ಒಬ್ಬರು ಮೂಗನ್ನು ಹಿಡಿದಿರುವಾಗ ನೀವು ಪೂರ್ತಿ ತೂಗಿ ನೋಡಬೇಕು: ಪಟ್ಟಿ ತಿರುಚಿಲ್ಲವೇ, ಕಾಲಿನ ಪಟ್ಟಿಗಳು ಬಿಗಿದಿವೆಯೇ, ಬೇಸ್ ಬಾರ್‌ನಿಂದ ಎದೆಗೆ ಸರಿಯಾದ ಅಂತರವಿದೆಯೇ, ಕ್ಯಾರಬೀನರ್‌ನ ಬೀಗ ಮುಚ್ಚಿದೆಯೇ. ತನ್ನನ್ನು ಸಿಕ್ಕಿಸಿಕೊಳ್ಳಲು ಮರೆತು ಓಡಿ ಬೆಟ್ಟದಿಂದ ಹಾರಿದವರು ಈ ಕ್ರೀಡೆಯ ಇತಿಹಾಸದಲ್ಲಿ ಒಬ್ಬಿಬ್ಬರಲ್ಲ, ಅವರಲ್ಲಿ ನುರಿತವರೂ ಇದ್ದಾರೆ. 2018ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಜೋಡಿ ಹಾರಾಟಕ್ಕೆ ಹೋದ ಪ್ರವಾಸಿಯೊಬ್ಬನನ್ನು ಪೈಲಟ್ ಸಿಕ್ಕಿಸಲು ಮರೆತ ಪರಿಣಾಮವಾಗಿ, ಆತ ಎರಡು ನಿಮಿಷಕ್ಕೂ ಹೆಚ್ಚು ಕಾಲ ಬರಿಗೈಯಲ್ಲಿ ಜೋತುಬಿದ್ದು ಬದುಕುಳಿದ ದೃಶ್ಯ ಲೋಕಕ್ಕೆಲ್ಲ ಗೊತ್ತಿದೆ. ಆದ್ದರಿಂದ ಹ್ಯಾಂಗ್ ಚೆಕ್ ಆಗಿದೆಯೆಂದು ನೆನಪಿದ್ದರೂ, ಓಡುವ ಕೊನೆಯ ಕ್ಷಣದಲ್ಲಿ ಗ್ಲೈಡರನ್ನು ತುಸು ಮೇಲೆತ್ತಿ ಕಾಲಿನ ಪಟ್ಟಿಗಳು ಬಿಗಿಯುವುದನ್ನು ಮತ್ತೊಮ್ಮೆ ಅನುಭವಿಸಿಯೇ ಹೆಜ್ಜೆ ಇಡಬೇಕು.

ಮುಂದಿನದು ಸಮತಟ್ಟಾದ ಬಯಲಿನಲ್ಲಿ ಓಟ. ಹಾಕಿ ಮೈದಾನದಂಥ ಜಾಗ ಇದಕ್ಕೆ ಸಾಕು, ಕೊಡಗಿನಲ್ಲಿ ಅವಕ್ಕೆ ಬರವಿಲ್ಲ. ಗ್ಲೈಡರನ್ನು ಹೆಗಲ ಮೇಲೆ ನಿಲ್ಲಿಸಿ, ರೆಕ್ಕೆಗಳನ್ನು ಸಮವಾಗಿಟ್ಟು, ಮೂಗನ್ನು ತುಂಬ ಎತ್ತದೆ ತುಂಬ ತಗ್ಗಿಸದೆ, ಮೊದಲು ನಡೆದು, ನಂತರ ದಾಪುಗಾಲಿಟ್ಟು, ಕೊನೆಗೆ ಪೂರ್ತಿ ಓಡಬೇಕು. ವೇಗ ಹೆಚ್ಚಿದಂತೆ ಹೆಗಲ ಭಾರ ತಾನಾಗಿ ಇಳಿದು, ರೆಕ್ಕೆ ತನ್ನ ತೂಕವನ್ನು ತಾನೇ ಹೊರಲು ಆರಂಭಿಸುವ ಕ್ಷಣ ಬರುತ್ತದೆ. ಮಾತಿನಲ್ಲಿ ಹೇಳಿ ತಿಳಿಸಲಾಗದ ಆ ಕ್ಷಣಕ್ಕಾಗಿಯೇ ಐವತ್ತು ಸಲ ಓಡಬೇಕು. ಎಲ್ಲರೂ ಮಾಡುವ ತಪ್ಪೊಂದಿದೆ: ಕಾಲು ನೆಲ ಬಿಡುತ್ತಿದೆ ಎನಿಸಿದ ಕೂಡಲೇ ಓಟ ನಿಲ್ಲಿಸಿ ಹಾರ್ನೆಸ್‌ಗೆ ಜಿಗಿಯುವುದು. ರೆಕ್ಕೆ ನಿಮ್ಮನ್ನು ಎತ್ತಿದ ಮೇಲೂ ಕಾಲುಗಳು ಗಾಳಿಯಲ್ಲಿ ಎರಡು ಹೆಜ್ಜೆ ಓಡುತ್ತಿರಬೇಕು.

ಇದರ ಜತೆಗೆ ಚೌಕಟ್ಟಿಗೆ ತೂಗುಹಾಕಿದ ಹಾರ್ನೆಸ್‌ನಲ್ಲಿ ನಿಯಂತ್ರಣವನ್ನು ಕಲಿಸುತ್ತಾರೆ. ಬಾರ್ ಅನ್ನು ಎಳೆದುಕೊಂಡರೆ ದೇಹ ಮುಂದೆ ಸರಿದು ಮೂಗು ತಗ್ಗಿ ವೇಗ ಹೆಚ್ಚುತ್ತದೆ, ತಳ್ಳಿದರೆ ವೇಗ ಕಡಿಮೆಯಾಗುತ್ತದೆ. ಬಲಕ್ಕೆ ತಿರುಗಲು ದೇಹವನ್ನು, ಅದರಲ್ಲೂ ಸೊಂಟ ಮತ್ತು ಕಾಲುಗಳನ್ನು, ಬಲಕ್ಕೆ ಒಯ್ಯಬೇಕು. ಹೊಸಬರು ಭುಜವನ್ನಷ್ಟೇ ಬಲಕ್ಕೆ ತಿರುಗಿಸಿದಾಗ ಕಾಲು ಎಡಕ್ಕೆ ಹೋಗಿ ಗ್ಲೈಡರ್ ಏನೂ ಮಾಡದೆ ಸುಮ್ಮನಿರುತ್ತದೆ. ಹಾಗೆಯೇ ಪ್ರತಿಕ್ರಿಯೆ ತಡವಾಗಿ ಬರುತ್ತದೆ ಎಂಬುದನ್ನು ತಿಳಿಯದೆ ಮತ್ತೆ ಮತ್ತೆ ಸರಿಪಡಿಸಲು ಹೋದರೆ ಗ್ಲೈಡರ್ ತೊಟ್ಟಿಲಿನಂತೆ ತೂಗಾಡತೊಡಗುತ್ತದೆ. ಬಾರ್ ಅನ್ನು ಬಿಗಿಯಾಗಿ ಹಿಡಿಯದೆ ಬೆರಳುಗಳಲ್ಲಿ ಹಗುರವಾಗಿ ಹಿಡಿಯಿರಿ ಎಂದು ಬೋಧಕರು ನೂರು ಸಲ ಹೇಳುವುದು ಇದಕ್ಕಾಗಿಯೇ.

ಬಾಣೆಯಷ್ಟು ಎತ್ತರ

ನಮ್ಮ ಹಿರಿಯರು ಗದ್ದೆಗೆ ಹೊಂದಿಕೊಂಡ ಬಾಣೆಯನ್ನು, ಅಂದರೆ ಎತ್ತರದ ಇಳಿಜಾರು ಜಮೀನನ್ನು, ದನ ಮೇಯಿಸಲು, ಸೌದೆ ಸೊಪ್ಪಿಗೆ ಬಿಟ್ಟುಕೊಂಡಿದ್ದರು. ಈಗ ಬಹುಪಾಲು ಬಾಣೆಗಳು ಕಾಫಿ ತೋಟಗಳಾಗಿವೆ. ಹುಲ್ಲಿನ ಬಾಣೆಯೊಂದು ಉಳಿದಿದ್ದು, ಅದರ ಬುಡದಲ್ಲಿ ಗದ್ದೆಬಯಲು ಇದ್ದರೆ ಅದು ಕಲಿಕೆಯ ಗುಡ್ಡದ ಮಾದರಿಯಾಗಿರುತ್ತದೆ. ಅಂಥ ಗುಡ್ಡದ ಲೆಕ್ಕ ಹೀಗಿದೆ. ಕಲಿಕೆಯ ಗ್ಲೈಡರ್ ನಿಶ್ಚಲ ಗಾಳಿಯಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 8 ಮೀಟರ್ ಮುಂದೆ ಸಾಗುತ್ತದೆ. ನಾಲ್ಕು ಮೀಟರಿಗೆ ಒಂದು ಮೀಟರ್ ತಗ್ಗುವ ಇಳಿಜಾರಿದ್ದರೆ, ನೀವು ನೆಲದಿಂದ ಒಂದೆರಡು ಆಳೆತ್ತರದಲ್ಲಿ ತೇಲುತ್ತ ಕೆಳಗಿನ ಬಯಲನ್ನು ಮುಟ್ಟುತ್ತೀರಿ. ಗುಡ್ಡದ ಒಟ್ಟು ಎತ್ತರ ಹತ್ತು ಹದಿನೈದು ಮೀಟರ್ ಸಾಕು, ಅದರಲ್ಲೂ ಮೊದಲ ಹಾರಾಟಗಳು ಬುಡದಿಂದ ಮೂರು ನಾಲ್ಕು ಮೀಟರ್ ಮೇಲಿಂದಲೇ ನಡೆಯಬೇಕು. ಜರ್ಮನಿಯ ಓಟೊ ಲಿಲಿಯೆಂಥಾಲ್ 1894ರಲ್ಲಿ ಬರ್ಲಿನ್ ಬಳಿ ತನ್ನ ಅಭ್ಯಾಸಕ್ಕೆಂದು ಕಟ್ಟಿಸಿದ ಮಣ್ಣಿನ ಗುಡ್ಡದ ಎತ್ತರವೂ 15 ಮೀಟರ್. ಗಾಳಿ ಯಾವ ದಿಕ್ಕಿನಿಂದ ಬಂದರೂ ಎದುರಾಗಿ ಓಡಬಹುದೆಂದು ಆತ ಅದನ್ನು ಶಂಕುವಿನಂತೆ ಕಟ್ಟಿಸಿದ. ನಮ್ಮ ಬಾಣೆಗಳಿಗೆ ಒಂದೇ ಮುಖ, ಆದ್ದರಿಂದ ನಾವು ಗಾಳಿಗಾಗಿ ಕಾಯಬೇಕು. ಎರಡು ಸಾವಿರಕ್ಕೂ ಹೆಚ್ಚು ಬಾರಿ ತೇಲಿದ್ದ ಅದೇ ಲಿಲಿಯೆಂಥಾಲ್ 1896ರಲ್ಲಿ, ರೆಕ್ಕೆ ವೇಗ ಕಳೆದುಕೊಂಡು ಸುಮಾರು ಅಷ್ಟೇ ಎತ್ತರದಿಂದ ಬಿದ್ದು ತೀರಿಕೊಂಡ. ತಗ್ಗಿನಲ್ಲಿ ಅಪಾಯವಿಲ್ಲವೆಂದು ಯಾರೂ ಭಾವಿಸಬಾರದು. ತಗ್ಗಿನಲ್ಲಿ ತಪ್ಪಿನ ಬೆಲೆ ಸಾಮಾನ್ಯವಾಗಿ ಕಡಿಮೆ, ಅಷ್ಟೆ.

ಹಾಗೆ ವೇಗ ತೀರ ಇಳಿದು ರೆಕ್ಕೆಯ ಎತ್ತುವ ಬಲ ಕುಸಿಯುವುದಕ್ಕೆ ಸ್ಟಾಲ್ ಎನ್ನುತ್ತಾರೆ. ಕಲಿಕೆಯ ಗ್ಲೈಡರುಗಳಲ್ಲಿ ಗಾಳಿಗೆ ಹೋಲಿಸಿದ ವೇಗ ಗಂಟೆಗೆ 25ರಿಂದ 30 ಕಿಲೋಮೀಟರಿಗೆ ಇಳಿದಾಗ ಅದು ಸಂಭವಿಸುತ್ತದೆ. ಹೆದರಿದ ಮನುಷ್ಯ ನೆಲದಿಂದ ದೂರವಾಗಲು ಬಾರ್ ಅನ್ನು ತಳ್ಳುತ್ತಾನೆ. ತಳ್ಳಿದರೆ ವೇಗ ಮತ್ತಷ್ಟು ಇಳಿಯುತ್ತದೆ. ಹೆದರಿಕೆಯಾದಾಗ ತುಸು ಎಳೆದುಕೊಳ್ಳುವ ಅಭ್ಯಾಸ ಕೈಗೆ ಹತ್ತುವ ತನಕ ಗುಡ್ಡದ ಬುಡವನ್ನು ಬಿಟ್ಟು ಮೇಲೆ ಹೋಗಬಾರದು.

ಇಳಿಯುವುದು ಮೊದಮೊದಲು ಚಕ್ರಗಳ ಮೇಲೆಯೇ ಆಗಲಿ, ಅದರಲ್ಲಿ ಅವಮಾನವಿಲ್ಲ. ಕಾಲ ಮೇಲೆ ಇಳಿಯಲು, ನೆಲದ ಸಮೀಪ ಸಮವಾಗಿ ತೇಲುತ್ತ ವೇಗ ಕರಗುವ ತನಕ ಕಾದು, ಸರಿಯಾದ ಕ್ಷಣದಲ್ಲಿ ಎರಡೂ ಕೈಗಳಿಂದ ಪೂರ್ತಿಯಾಗಿ ಮೇಲಕ್ಕೆ ತಳ್ಳಿ ಮೂಗನ್ನು ಎತ್ತಬೇಕು. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಬೇಗ ತಳ್ಳಿದರೆ ಗ್ಲೈಡರ್ ಮೇಲೇರಿ ಅಲ್ಲಿಂದ ಬೀಳುತ್ತದೆ, ತಡವಾದರೆ ಮೂಗು ನೆಲಕ್ಕೆ ಬಡಿಯುತ್ತದೆ. ಬಡಿಯುವುದು ಖಚಿತವೆನಿಸಿದರೆ ಕೊಳವೆಗಳನ್ನು ಬಿಗಿಹಿಡಿದು ತಡೆಯಲು ಹೋಗಬೇಡಿ. ಈ ಕ್ರೀಡೆಯಲ್ಲಿ ತೋಳಿನ ಮೂಳೆ ಮುರಿಯುವುದು ಹೆಚ್ಚಾಗಿ ಹೀಗೆಯೇ.

ಒಂದೇ ಎತ್ತರದಿಂದ ಸತತವಾಗಿ ಹಲವು ಸಲ ನೇರವಾಗಿ ಹಾರಿ, ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಇಳಿದ ನಂತರವೇ ಐದಾರು ಮೀಟರ್ ಮೇಲಕ್ಕೆ ಹೋಗಿ. ನಂತರ ಎಡಕ್ಕೊಂದು ಬಲಕ್ಕೊಂದು ಸಣ್ಣ ತಿರುವು, ಆಮೇಲೆ ಎರಡನ್ನೂ ಸೇರಿಸಿ ಒಂದು ಹಾರಾಟ. ತಿರುಗುವ ಕಡೆಗೆ ಮೊದಲು ಕಣ್ಣು ಹೋಗಬೇಕು. ಬಯಲಿನಲ್ಲಿ ಇರುವ ಒಂದೇ ಮರವನ್ನು ದಿಟ್ಟಿಸಿದವರು ಅದಕ್ಕೇ ಹೋಗಿ ಸಿಕ್ಕಿಕೊಳ್ಳುತ್ತಾರೆ.

ಕೊಡಗಿನ ಗದ್ದೆಯ ಲೆಕ್ಕ

ಇಷ್ಟು ಕಲಿತವರು ರೇಡಿಯೊ ಹಿಡಿದ ಬೋಧಕರ ಮೇಲ್ವಿಚಾರಣೆಯಲ್ಲಿ ಎತ್ತರದ ಬೆಟ್ಟದಿಂದ ಹಾರುವ ದಿನ ಬರುತ್ತದೆ. ಆಗ ಕೆಳಗಿನ ಬಯಲನ್ನು ನಡೆದೇ ನೋಡಬೇಕು, ಮೇಲಿಂದ ಕಂಡದ್ದನ್ನು ನಂಬಬಾರದು. ಕಣಿವೆಯಿಂದ 300 ಮೀಟರ್ ಮೇಲಿನಿಂದ ಹೊರಟರೆ ಲೆಕ್ಕದ ಪ್ರಕಾರ 2,400 ಮೀಟರ್ ಸಾಗಬಹುದು. ಆದರೆ ನಿಮ್ಮ ವೇಗ ಗಂಟೆಗೆ 40 ಕಿಲೋಮೀಟರ್ ಇದ್ದು ಎದುರುಗಾಳಿ 15 ಇದ್ದರೆ ನೆಲದ ಮೇಲಿನ ವೇಗ 25ಕ್ಕೆ ಇಳಿದು ಆ ದೂರ 1,500 ಮೀಟರಿಗೆ ಕುಗ್ಗುತ್ತದೆ. ಇಳಿಗಾಳಿ ಸಿಕ್ಕರೆ ಇನ್ನೂ ಕಡಿಮೆ. ಆದ್ದರಿಂದ ಲೆಕ್ಕದ ಅರ್ಧ ದೂರದೊಳಗೆ ಇಳಿಯುವ ಜಾಗ ಇಲ್ಲದ ಬೆಟ್ಟವನ್ನು ಹೊಸಬರು ಮರೆತುಬಿಡಬೇಕು. ಈ ಒಂದು ನಿಯಮ ಪಾಲಿಸಿದರೆ ಕೊಡಗಿನ ಪ್ರಸಿದ್ಧ ಬೆಟ್ಟಗಳಲ್ಲಿ ಬಹಳಷ್ಟು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಅವುಗಳ ಬುಡದಲ್ಲಿರುವುದು ಕಾಡು.

ಗದ್ದೆಯ ಅಂಚಿನಲ್ಲಿ 25 ಮೀಟರ್ ಎತ್ತರದ ಸಿಲ್ವರ್ ಓಕ್ ಸಾಲು ಇದ್ದರೆ, ಅದನ್ನು ದಾಟಿದ ಮೇಲೆ ನೆಲ ಮುಟ್ಟಲು ಗಾಳಿಯಿಲ್ಲದಾಗ 200 ಮೀಟರ್ ಬೇಕು. 150 ಮೀಟರ್ ಉದ್ದದ ಗದ್ದೆ ನೋಡಲು ವಿಶಾಲವಾಗಿ ಕಂಡರೂ ಆ ತುದಿಯಿಂದ ಇಳಿಯಲು ನಿಮಗೆ ಉಪಯೋಗವಿಲ್ಲ. ಇದರ ಜತೆಗೆ ವಿದ್ಯುತ್ ತಂತಿಯ ಅಪಾಯ. ತೋಟದ ನಡುವೆ ಹಾದುಹೋಗುವ ತಂತಿಗಳು ಮೇಲಿನಿಂದ ಕಾಣುವುದಿಲ್ಲ, ಕಂಬಗಳು ಮಾತ್ರ ಕಾಣುತ್ತವೆ. ಎರಡು ಕಂಬ ಕಂಡಲ್ಲಿ ನಡುವೆ ತಂತಿ ಇದೆಯೆಂದೇ ತಿಳಿಯಬೇಕು. ಆನೆ ಬರುವ ಊರುಗಳಲ್ಲಿ ಗದ್ದೆಯ ಸುತ್ತ ಸೋಲಾರ್ ಬೇಲಿ, ಕೆಲವೆಡೆ ತೂಗುಬೇಲಿ ಇರುತ್ತದೆ. ಅದನ್ನು ಹಗಲು ಆರಿಸುತ್ತಾರೋ ಇಲ್ಲವೋ ಎಂದು ಮನೆಯವರನ್ನೇ ಕೇಳಿ. ಇಳಿಯುವಾಗ ಗದ್ದೆಯ ಒಂದು ಬದಿಯಲ್ಲಿ ಗಾಳಿಯ ಜತೆಗೆ ಸಾಗಿ, ಅಡ್ಡಕ್ಕೆ ತಿರುಗಿ, ಕೊನೆಗೆ ಗಾಳಿಗೆ ಎದುರಾಗಿ ಬರುವ ಕ್ರಮವನ್ನು ಬಿಡಬಾರದು. ಕೊನೆಯ ಭಾಗದಲ್ಲಿ ವೇಗ ತುಸು ಹೆಚ್ಚೇ ಇರಲಿ, ಏಕೆಂದರೆ ನೆಲದ ಹತ್ತಿರ ಗಾಳಿಯ ಬಲ ಥಟ್ಟನೆ ಕಡಿಮೆಯಾಗುತ್ತದೆ.

ಕಾಲವನ್ನೂ ಗದ್ದೆಯೇ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಲದಲ್ಲಿ ಹಾರಾಟದ ಮಾತೇ ಇಲ್ಲ. ತುಲಾ ಸಂಕ್ರಮಣದ ಹೊತ್ತಿಗೆ ಆಕಾಶ ತಿಳಿಯಾದರೂ ಗುಡುಗು ಮಳೆ ಬಿಟ್ಟಿರುವುದಿಲ್ಲ, ಗದ್ದೆಯಲ್ಲಿ ಪೈರು ನಿಂತಿರುತ್ತದೆ. ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ, ಜನವರಿಯಿಂದ ಮಾರ್ಚ್ ಆರಂಭದ ತನಕ, ಕಲಿಯುವವರಿಗೆ ಒಳ್ಳೆಯ ಕಾಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಜೋಡಿಸಿ. ನೆನೆದ ರೆಕ್ಕೆ ಹೆಚ್ಚಿನ ವೇಗದಲ್ಲೇ ಸ್ಟಾಲ್ ಆಗುತ್ತದೆ. ಬಿಸಿಲು ನೆತ್ತಿಗೇರುವ ಮೊದಲು ನಿಲ್ಲಿಸಿ, ಬೇಕಿದ್ದರೆ ಸಂಜೆ ನಾಲ್ಕರ ನಂತರ ಮುಂದುವರಿಸಿ. ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಮಧ್ಯಾಹ್ನ ಏಳುವ ಮೋಡದ ಗೋಪುರಗಳು ತಮ್ಮ ಬುಡದ ಗಾಳಿಯನ್ನು ಹೀರಿಕೊಳ್ಳುತ್ತವೆ. ಅಂಥ ಮೋಡ ದೂರದಲ್ಲಿ ಕಂಡರೂ ಗ್ಲೈಡರ್ ಮಡಿಸಬೇಕು. ಕಾಫಿ ಹೂ ಬಿಟ್ಟ ತೋಟದೊಳಗೆ ಬಿದ್ದರೆ ಗಾಯಕ್ಕಿಂತ ಮೊದಲು ತೋಟದ ಯಜಮಾನರ ಮುಖವನ್ನು ಎದುರಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ಅನುಮತಿಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಹಾರುವ ಮತ್ತು ಇಳಿಯುವ ಜಾಗದ ಒಡೆಯರ ಒಪ್ಪಿಗೆ ಬೇಕು, ಜಿಲ್ಲಾಡಳಿತವನ್ನೂ ಪೊಲೀಸರನ್ನೂ ಮೊದಲೇ ವಿಚಾರಿಸಬೇಕು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳೂ ನಾಗರಹೊಳೆಯೂ ಅರಣ್ಯ ಇಲಾಖೆಯ ವಶದಲ್ಲಿವೆ. ದೇವರಕಾಡುಗಳ ಬಳಿ ಊರಿನವರ ಮಾತೇ ಕೊನೆಯದು.

ಸಲಕರಣೆ ಮತ್ತು ಜತೆಗಾರರು

ಮೊದಲ ವರ್ಷ ಗ್ಲೈಡರ್ ಕೊಳ್ಳಬೇಡಿ. ಕಡಿಮೆ ಬೆಲೆಗೆ ಸಿಕ್ಕಿತೆಂದು ಸ್ಪರ್ಧೆಗಳಲ್ಲಿ ಬಳಸುವ ವೇಗದ ಗ್ಲೈಡರನ್ನು ಕೊಂಡವರು ಅದನ್ನು ಹಾರಿಸಲಾರದೆ ಅಟ್ಟದ ಮೇಲೆ ಇಡುತ್ತಾರೆ. ಹಾರಿಸಲು ಹೋದವರ ಪಾಡು ಅದಕ್ಕಿಂತ ಕಷ್ಟ. ಹೆಲ್ಮೆಟ್ ಮಾತ್ರ ನಿಮ್ಮ ತಲೆಗೆ ಸರಿಹೊಂದುವ, ಗಲ್ಲವನ್ನೂ ಮುಚ್ಚುವಂಥದ್ದು ಸ್ವಂತದ್ದಿರಲಿ. ಕಣಕಾಲನ್ನು ಹಿಡಿಯುವ ಬೂಟು, ಉದ್ದ ತೋಳಿನ ಅಂಗಿ, ಕೈಗವಸು ಬೇಕು. ಎತ್ತರದ ಹಾರಾಟಕ್ಕೆ ಹೋಗುವಾಗ ಎದೆಯ ಮೇಲೆ ರಿಸರ್ವ್ ಪ್ಯಾರಾಚೂಟ್ ಇರಲೇಬೇಕು, ಅದನ್ನು ತಯಾರಕರು ಹೇಳಿದ ಅವಧಿಗೆ ಬಿಚ್ಚಿ ಮತ್ತೆ ಮಡಿಸಿಡಬೇಕು. ಕೊಡಗಿನ ತೇವಕ್ಕೆ ಬೂಸ್ಟು ಹಿಡಿಯದ ಬಟ್ಟೆಯಿಲ್ಲ, ತುಕ್ಕು ಹಿಡಿಯದ ತಂತಿಯೂ ಅಪರೂಪ. ಒಣಗಿಸದೆ ಚೀಲದೊಳಗೆ ಹಾಕಿದ ಗ್ಲೈಡರ್ ಒಂದು ಮಳೆಗಾಲದಲ್ಲಿ ಹತ್ತು ವರ್ಷ ಹಳೆಯದಾಗುತ್ತದೆ. ಆಟಿ ತಿಂಗಳಲ್ಲೂ ಒಲೆಯ ಹೊಗೆ ತಾಗದ, ಗಾಳಿಯಾಡುವ ಬೆಚ್ಚಗಿನ ಕೋಣೆಯಲ್ಲಿ ಅದನ್ನು ಇಡಿ.

ಎಂದೂ ಒಬ್ಬರೇ ಹಾರಬೇಡಿ. ಹಾರುವಲ್ಲಿ ಒಬ್ಬರು, ಇಳಿಯುವಲ್ಲಿ ಇನ್ನೊಬ್ಬರು ಇರಲಿ, ಇಬ್ಬರ ಬಳಿಯೂ ರೇಡಿಯೊ ಇರಲಿ, ಏಕೆಂದರೆ ನಮ್ಮ ಬೆಟ್ಟಗಳಲ್ಲಿ ಮೊಬೈಲ್ ಸಿಗ್ನಲ್ ಮಂಜಿಗಿಂತ ಚಂಚಲ. ಕೆಳಗಿನವರ ಜೀಪಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹಗ್ಗ, ಕುಡಿಯುವ ನೀರು ಮತ್ತು ಹತ್ತಿರದ ಆಸ್ಪತ್ರೆಯ ದಾರಿ ಗೊತ್ತಿರುವ ಚಾಲಕ ಇರಬೇಕು. ಮರದಲ್ಲಿ ಸಿಕ್ಕಿಕೊಂಡರೆ ಅವಸರದಿಂದ ಇಳಿಯಲು ಹೋಗದೆ ಕೊಂಬೆಯನ್ನು ತಬ್ಬಿಕೊಂಡು ಕಾಯಿರಿ. ಕಾಳುಮೆಣಸು ಕೊಯ್ಯುವವರು ಏಣಿ ತರುತ್ತಾರೆ, ಸಿಲ್ವರ್ ಓಕ್ ಹತ್ತುವುದು ಅವರ ದಿನನಿತ್ಯದ ಕೆಲಸ. ತಂತಿಗೆ ಸಿಕ್ಕಿಕೊಂಡಿದ್ದರೆ ವಿದ್ಯುತ್ ಕಡಿತವಾಗಿದೆಯೆಂದು ಲೈನ್‌ಮನ್ ಖಚಿತಪಡಿಸುವ ತನಕ ಯಾರೂ ಗ್ಲೈಡರನ್ನಾಗಲಿ ನಿಮ್ಮನ್ನಾಗಲಿ ಮುಟ್ಟಬಾರದು. ಇದನ್ನು ಹಾರುವ ಮೊದಲೇ ಜತೆಯವರಿಗೆ ಹೇಳಿಟ್ಟಿರಬೇಕು.

ಪ್ರತಿ ಹಾರಾಟದ ನಂತರ ದಿನಾಂಕ, ಜಾಗ, ಗಾಳಿಯ ದಿಕ್ಕು ಮತ್ತು ಬಲ, ಎಲ್ಲಿ ಇಳಿಯಬೇಕೆಂದಿದ್ದಿರಿ, ಎಲ್ಲಿ ಇಳಿದಿರಿ ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಕೊನೆಯ ಎರಡರ ನಡುವಿನ ಅಂತರ ಸತತ ಹತ್ತು ಹಾರಾಟಗಳಲ್ಲಿ ಇಪ್ಪತ್ತು ಹೆಜ್ಜೆಗಿಂತ ಕಡಿಮೆಯಾದಾಗ ಆ ಪುಸ್ತಕವನ್ನು ಬೋಧಕರ ಮುಂದಿಟ್ಟು, ಇನ್ನೂ ತುಸು ಮೇಲಿನ ಬೆಟ್ಟದ ಮಾತು ತೆಗೆಯಿರಿ.